ಆಟ ಕೈಯಲ್ಲಿದೆಯೋ, ಕಂಪನಿಯ ಸರ್ವರಿನಲ್ಲಿದೆಯೋ?

ವಿಡಿಯೋ ಗೇಮಿನ ಯಾವ ಪ್ರತಿಯನ್ನು ತೆಗೆದುಕೊಂಡರೂ ಅದರಲ್ಲಿ ಎರಡು ಸಂಗತಿ ಇರುತ್ತವೆ. ಒಂದು, ಯಂತ್ರ ಓದಿ ನಡೆಸುವ ದತ್ತಾಂಶ: ಚಿತ್ರ, ಸದ್ದು, ಆಟದ ನಿಯಮ. ಇನ್ನೊಂದು, ಅದನ್ನು ನಡೆಸಲು ಯಂತ್ರಕ್ಕೆ ಸಿಗಬೇಕಾದ ಅಪ್ಪಣೆ. ಕ್ಯಾಸೆಟ್ಟಿನ ಕಾಲದಲ್ಲಿ ಎರಡೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದವು. ಡಿಸ್ಕಿನ ಕಾಲದಲ್ಲಿ ಅವುಗಳ ನಂಟು ಸಡಿಲವಾಯಿತು, ಡೌನ್‌ಲೋಡ್ ಬಂದ ಮೇಲೆ ಕಡಿದೇಹೋಯಿತು. ಡಿಸ್ಕ್ ಕೊಳ್ಳಬೇಕೋ ಡಿಜಿಟಲ್ ಪ್ರತಿಯನ್ನೋ ಎಂದು ಗ್ರಾಹಕರು ವಾದಿಸುವಾಗ ಬೆಲೆ, ಕಪಾಟಿನ ಜಾಗ, ಅನುಕೂಲಗಳ ಮಾತೇ ಹೆಚ್ಚು. ಅಪ್ಪಣೆ ಯಾರ ಕೈಯಲ್ಲಿದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

1990ರ ದಶಕದ ಕೊನೆಯಲ್ಲಿ ಮತ್ತು ಆಮೇಲಿನ ಹತ್ತು ವರ್ಷಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆಯಂಥ ಊರುಗಳ ಮನೆಗಳಿಗೆ ಬಂದ ಟಿವಿ ಗೇಮುಗಳಲ್ಲಿ ಬಹುಪಾಲು ಒಂದೇ ಯಂತ್ರದ ನಕಲುಗಳು. ಮೂಲ ಯಂತ್ರ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್. ಈ ನಕಲು ಯಂತ್ರಗಳ ಕ್ಯಾಸೆಟ್ ಬಿಚ್ಚಿದರೆ ಒಳಗೆ ಅಂಗೈಗಿಂತ ಚಿಕ್ಕದಾದ ಹಸಿರು ಹಲಗೆ ಕಾಣುತ್ತದೆ. ಕೆಳ ಅಂಚಿನಲ್ಲಿ ಎರಡೂ ಬದಿ ಸೇರಿ 60 ಲೋಹದ ಪಟ್ಟಿಗಳು, ನಡುವೆ ಕರಿ ಅಂಟಿನ ಗುಂಡನೆಯ ಬೊಟ್ಟು. ಚಿಪ್ ಇರುವುದು ಆ ಬೊಟ್ಟಿನ ಅಡಿಯಲ್ಲಿ. ಅಗ್ಗದ ಕ್ಯಾಸೆಟ್ ಮಾಡುವವರು ಚಿಪ್ಪಿಗೆ ಬೇರೆ ಕವಚ ಕೊಡದೆ ನೇರವಾಗಿ ಹಲಗೆಗೆ ಕೂರಿಸಿ ಮೇಲೆ ಎಪಾಕ್ಸಿ ಸುರಿಯುತ್ತಿದ್ದರು.

ಕ್ಯಾಸೆಟ್ಟನ್ನು ಒತ್ತಿ ಕೂರಿಸಿದಾಗ ನಡೆಯುವುದು ನಕಲು ಮಾಡುವ ಕೆಲಸವಲ್ಲ. ಆ 60 ಪಟ್ಟಿಗಳ ಮೂಲಕ ಆಟದ ಚಿಪ್ ಯಂತ್ರದ ಸ್ವಂತ ಸ್ಮರಣೆಯ ಭಾಗವೇ ಆಗಿಬಿಡುತ್ತದೆ. ಯಂತ್ರದ ಒಳಗಿನ ಕೆಲಸದ ಸ್ಮರಣೆ ಬರೀ 2 ಕೆಬಿ. ಉಳಿದುದೆಲ್ಲ ಕ್ಯಾಸೆಟ್ಟಿನಿಂದಲೇ ಕ್ಷಣಕ್ಷಣಕ್ಕೂ ಬರಬೇಕು. ಹಾಗಾಗಿಯೇ ಸ್ವಿಚ್ ಹಾಕಿದೊಡನೆ ಆಟ ಶುರು, ಕಾಯುವ ಮಾತಿಲ್ಲ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಇಡೀ ಆಟ 40 ಕೆಬಿ: ನಿಯಮಗಳಿಗೆ 32, ಚಿತ್ರಗಳಿಗೆ 8. ಇಂದಿನ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೊ ಅದರ ಹತ್ತಾರು ಪಟ್ಟು ದೊಡ್ಡದು. ಇಷ್ಟು ಇಕ್ಕಟ್ಟಿನಲ್ಲಿ ಆಟ ಕಟ್ಟಿದವರ ಜಾಣ್ಮೆ ಬೆರಗು ಹುಟ್ಟಿಸುತ್ತದೆ. ಆ ಆಟದಲ್ಲಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಚಿತ್ರ ಒಂದೇ. ಬಣ್ಣ ಮಾತ್ರ ಬೇರೆ.

‘9999 ಇನ್ 1’ ಎಂದು ಬರೆದ ಹಳದಿ ಕ್ಯಾಸೆಟ್ಟುಗಳಲ್ಲೂ ಒಂದು ಉಪಾಯವಿತ್ತು. ಯಂತ್ರ ಒಮ್ಮೆಗೆ ನೋಡಬಲ್ಲ ಸ್ಮರಣೆಯ ವಿಳಾಸಗಳಿಗೆ ಮಿತಿಯಿದೆ, ಪುಟ್ಟ ಕಿಟಕಿಯ ಹಾಗೆ. ಪಟ್ಟಿಯಲ್ಲಿ ಆಟವೊಂದನ್ನು ಆರಿಸಿದ ಕೂಡಲೇ ಕ್ಯಾಸೆಟ್ಟಿನ ಪುಟ್ಟ ಸರ್ಕ್ಯೂಟು ದೊಡ್ಡ ಚಿಪ್ಪಿನ ಬೇರೊಂದು ತುಂಡನ್ನು ಆ ಕಿಟಕಿಗೆ ತಂದು ನಿಲ್ಲಿಸುತ್ತದೆ. ನಿಜವಾದ ಆಟಗಳು ಬೆರಳೆಣಿಕೆಯಷ್ಟೇ. ಅದೇ ಆಟವನ್ನು ಬೇರೆ ಹಂತದಿಂದ ಶುರುಮಾಡಿಸಿ, ಒಂದೆರಡು ಲೈಫ್ ಹೆಚ್ಚು ಕೊಟ್ಟು ಹೊಸ ಹೆಸರಿನಲ್ಲಿ ಮತ್ತೆ ಮತ್ತೆ ಪಟ್ಟಿಗೆ ಸೇರಿಸುತ್ತಿದ್ದರು. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದಿ ಹಾಕುವುದು ಎಲ್ಲ ಮಕ್ಕಳಿಗೂ ಗೊತ್ತಿದ್ದ ಮದ್ದು. ಕೆಲಸ ಮಾಡುತ್ತಿದ್ದುದು ಊದುವಿಕೆಯಲ್ಲ, ತೆಗೆದು ಮತ್ತೆ ಕೂರಿಸಿದ್ದು. ಉಸಿರಿನ ತೇವ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸುವುದೇ ಸರಿ.

ಡಿಸ್ಕಿನ ವಿಧಾನ ಬೇರೆ. 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆಯಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಸೂಕ್ಷ್ಮ ಕುಳಿಗಳನ್ನು ಅಚ್ಚೊತ್ತಿ, ಮೇಲೆ ಲೋಹದ ತೆಳು ಲೇಪ ಕೊಡುತ್ತಾರೆ. ಲೇಸರ್ ಕಿರಣ ಆ ಕುಳಿಗಳಿಂದ ಮರಳಿ ಬರುವ ರೀತಿಯೇ ದತ್ತಾಂಶ. ಕಿರಣದ ತರಂಗಾಂತರ ಕಡಿಮೆಯಾದಷ್ಟೂ ಸುರುಳಿಗಳನ್ನು ಒತ್ತೊತ್ತಾಗಿ ಇಡಬಹುದು. ಸಿ.ಡಿ.ಯಲ್ಲಿ 780 ನ್ಯಾನೋಮೀಟರಿನ ಲೇಸರ್, ಸುಮಾರು 700 ಎಂಬಿ. ಡಿ.ವಿ.ಡಿ.ಯಲ್ಲಿ 650, 4.7 ಜಿಬಿ. ಬ್ಲೂ-ರೇಯಲ್ಲಿ 405, ಒಂದು ಪದರಕ್ಕೆ 25 ಜಿಬಿ. ಸಿ.ಡಿ.ಯ ದತ್ತಾಂಶ ಹೆಸರು ಬರೆದ ಬದಿಗೆ ಅಂಟಿಕೊಂಡಂತಿರುವುದರಿಂದ ಆ ಬದಿಯ ಗೀರೇ ಹೆಚ್ಚು ಅಪಾಯ. ಬ್ಲೂ-ರೇಯಲ್ಲಿ ಓದುವ ಬದಿಯಿಂದ 0.1 ಮಿಲಿಮೀಟರ್ ಆಳದಲ್ಲೇ ದತ್ತಾಂಶವಿದೆ, ಅದಕ್ಕೇ ಅದರ ಮೇಲೆ ಗಟ್ಟಿ ಲೇಪ. ಬ್ರೌಸಿಂಗ್ ಸೆಂಟರುಗಳಲ್ಲಿ ಕೈಯಿಂದ ಕೈಗೆ ಓಡಾಡಿದ, ರೈಟ್ ಮಾಡಿದ ಸಿ.ಡಿ.ಗಳಲ್ಲಿ ಕುಳಿಗಳೇ ಇಲ್ಲ. ಅಲ್ಲಿರುವುದು ಲೇಸರಿನಿಂದ ಸುಟ್ಟ ಸಾವಯವ ಬಣ್ಣದ ಪದರ. ಬಿಸಿಲಿಗೆ, ಸೆಕೆಗೆ ಅದು ಬೇಗ ಮಾಸುತ್ತದೆ.

ಡಿಸ್ಕಿನ ದೌರ್ಬಲ್ಯ ವೇಗ. 2013ರ ಪ್ಲೇಸ್ಟೇಷನ್ 4 ಗೇಮ್ ಯಂತ್ರದ ಡಿಸ್ಕ್ ಡ್ರೈವ್ ಸೆಕೆಂಡಿಗೆ ಹೆಚ್ಚೆಂದರೆ 27 ಎಂಬಿ ಓದುತ್ತದೆ. 2020ರ ಪ್ಲೇಸ್ಟೇಷನ್ 5ರ ಒಳಗಿನ ಸಂಗ್ರಹ ಸಾಧನವಾದ ಎಸ್‌.ಎಸ್‌.ಡಿ. ಓದುವುದು ಸೆಕೆಂಡಿಗೆ 5.5 ಜಿಬಿ, ಅಂದರೆ ಸುಮಾರು 200 ಪಟ್ಟು. ಈಗಿನ ಆಟಗಳು ಆ ವೇಗವನ್ನೇ ನೆಚ್ಚಿಕೊಂಡು ಕಟ್ಟಿದಂಥವು. ಆದ್ದರಿಂದ ಡಿಸ್ಕ್ ಹಾಕಿದಾಗ ಯಂತ್ರ ಮೊದಲು ಆಟವನ್ನೆಲ್ಲ ಒಳಗೆ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಡಿಸ್ಕಿನಿಂದ ಆಟ ಓಡುವುದೇ ಇಲ್ಲ. ಆಡುವವರ ಬಳಿ ಅದು ಇದೆ ಎಂಬುದಕ್ಕೆ ಸಾಕ್ಷಿಯಾಗಿ ಮಾತ್ರ ಡ್ರೈವಿನಲ್ಲಿ ಇರಬೇಕು. ಅಂಗಡಿಯ ಪೆಟ್ಟಿಗೆಯೊಳಗಿನ ವಸ್ತು ಆಟವಾಗಿದ್ದುದು ಬೀಗದ ಕೈ ಆದದ್ದು ಹೀಗೆ. 2025ರ ಜೂನಿನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ಕೆಲವು ಆಟಗಳ ಕಾರ್ಡುಗಳೊಳಗೆ ಆಟವೇ ಇಲ್ಲ. ಕಾರ್ಡ್ ಹಾಕಿ, ನೆಟ್‌ನಿಂದ ಇಳಿಸಿಕೊಂಡು ಆಡಬೇಕು.

ಪೂರ್ತಿ ಡಿಜಿಟಲ್ ಪ್ರತಿಯಲ್ಲಿ ಆ ಬೀಗದ ಕೈಯೂ ಕಣ್ಣಿಗೆ ಕಾಣುವುದಿಲ್ಲ. ಸರ್ವರಿನಿಂದ ಆಟ ಸಣ್ಣ ತುಂಡುಗಳಾಗಿ, ಗೂಢಲಿಪಿಯಲ್ಲಿ ಬರುತ್ತದೆ. ಪ್ರತಿ ತುಂಡು ಕೆಡದೆ ಬಂದಿದೆಯೇ ಎಂದು ಯಂತ್ರ ಲೆಕ್ಕ ಹಾಕಿ ನೋಡುತ್ತದೆ. ಕರೆಂಟು ಹೋಗಿ ಬಂದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಗೂಢಲಿಪಿ ಬಿಡಿಸುವ ಕೀಲಿ ಸಿಗುವುದು ಖರೀದಿಸಿದ ಖಾತೆಗೆ. ಖಾತೆಯ ಲೈಸೆನ್ಸ್ ಸರಿಯಿದ್ದರೆ ಆಟ ತೆರೆಯುತ್ತದೆ, ಇಲ್ಲದಿದ್ದರೆ ಅದು ಅರ್ಥವಾಗದ ಅಂಕಿಗಳ ರಾಶಿ.

ಇಳಿಸಿಕೊಳ್ಳುವ ಖರ್ಚು ಊರಿಂದೂರಿಗೆ ಬೇರೆ. 100 ಜಿಬಿಯ ಆಟ 50 ಎಂಬಿಪಿಎಸ್ ಫೈಬರ್ ಸಂಪರ್ಕದಲ್ಲಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮನೆಗೆ ಬರುತ್ತದೆ. ಫೋನಿನ ಹಾಟ್‌ಸ್ಪಾಟ್ ನಂಬಿದ ಮನೆಯಲ್ಲಿ ದಿನಕ್ಕೆ 2 ಜಿಬಿಯ ಪ್ಯಾಕ್ ಇದ್ದರೆ, ಬೇರೆ ಯಾವುದಕ್ಕೂ ನೆಟ್ ಬಳಸದಿದ್ದರೂ 50 ದಿನ ಬೇಕು. ಚಾಮರಾಜನಗರ ಪೇಟೆಯವರಿಗೆ ಮೊದಲ ಲೆಕ್ಕ ಅನ್ವಯಿಸಬಹುದು. ಬಂಡೀಪುರದ ಕಾಡಂಚಿನಲ್ಲಿ, ಸಿಗ್ನಲ್ಲಿಗೆ ದಿಣ್ಣೆ ಹತ್ತುವ ಹಳ್ಳಿಗಳಲ್ಲಿ ಎರಡನೆಯದೂ ಕಷ್ಟ. ಡಿಸ್ಕ್ ತಂದವರಿಗೂ ಅಪ್‌ಡೇಟಿಗೆ ನೆಟ್ ಬೇಕೆಂಬುದು ನಿಜ. ಡಿಸ್ಕ್ ಅಚ್ಚಾದ ಮೇಲೆ ಸರಿಪಡಿಸಿದ ತಪ್ಪುಗಳೆಲ್ಲ ಅಪ್‌ಡೇಟಿನಲ್ಲಿ ಬರುತ್ತವೆ.

ಬೆಲೆಯ ಮಾತು. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಡ್ರೈವ್ ಇದ್ದುದಕ್ಕೆ 49,990 ರೂಪಾಯಿ, ಇಲ್ಲದ ಡಿಜಿಟಲ್ ಎಡಿಷನ್ನಿಗೆ 39,990. ಆಗ ದೊಡ್ಡ ಹೊಸ ಆಟಗಳಿಗೆ 4,999ರ ಆಸುಪಾಸು. ಆಡಿ ಮುಗಿಸಿದ ಡಿಸ್ಕನ್ನು ಅರ್ಧ ಬೆಲೆಗೆ ಮಾರಿದರೂ ನಾಲ್ಕು ಆಟಗಳಲ್ಲಿ ಆ ಹತ್ತು ಸಾವಿರ ಮರಳಿ ಕೈಸೇರುತ್ತಿತ್ತು. ಡಿಜಿಟಲ್ ಪ್ರತಿಯನ್ನು ಮಾರುವಂತಿಲ್ಲ, ತಮ್ಮನಿಗೋ ಗೆಳೆಯನಿಗೋ ಬಿಟ್ಟುಕೊಡುವಂತೆಯೂ ಇಲ್ಲ. ಹಣ ಎಣಿಸಿ ಕೊಳ್ಳುವ ಮನೆಗೆ ಡಿಸ್ಕ್ ಡ್ರೈವ್ ಇರುವ ಯಂತ್ರವೇ ಮೇಲು.

ಆದರೆ ಚಾಮರಾಜನಗರ ಜಿಲ್ಲೆಯಲ್ಲಿ, ರಾಜ್ಯದ ಉಳಿದ ಕಡೆಯಂತೆಯೇ, ಹೆಚ್ಚಿನವರು ಆಡುವುದು ಫೋನಿನಲ್ಲಿ. ಫೋನಿನ ಆಟಕ್ಕೆ ಡಿಸ್ಕೂ ಇಲ್ಲ, ಕ್ಯಾಸೆಟ್ಟೂ ಇಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಅಂಗಡಿಯಿಂದ ಆ್ಯಪ್ ಮಾಯವಾದರೂ ಮೊದಲೇ ಇಳಿಸಿಕೊಂಡವರು ಇನ್ನೂ ಆಡುತ್ತಿದ್ದರು. ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಸರ್ವರ್ ಮುಚ್ಚಿತು. ಫೋನಿನಲ್ಲಿ ಆಟದ ಕಡತಗಳು ಇದ್ದ ಹಾಗೇ ಇದ್ದವು, ಆಟ ಮಾತ್ರ ಇರಲಿಲ್ಲ. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅಪ್ಪಣೆ ದೂರದಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಹಳ್ಳಿಹಳ್ಳಿಯ ಹುಡುಗರೂ ಅಂದು ಕಣ್ಣಾರೆ ಕಂಡರು.

ಡಿಸ್ಕ್ ಇದ್ದ ಮಾತ್ರಕ್ಕೆ ಇದರಿಂದ ಪಾರಾಗಬಹುದು ಎನ್ನುವಂತಿಲ್ಲ. ಯೂಬಿಸಾಫ್ಟ್ ಕಂಪನಿಯ 2014ರ ಕಾರ್ ಓಟದ ಆಟ ‘ದ ಕ್ರ್ಯೂ’ ಒಬ್ಬರೇ ಆಡುವಾಗಲೂ ಸರ್ವರನ್ನು ಕೇಳುತ್ತಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಾಗ ಡಿಸ್ಕ್ ಕೊಂಡವರ ಆಟವೂ ನಿಂತಿತು. ಇತ್ತ ಪೋಲೆಂಡಿನ ಗಾಗ್ ಅಂಗಡಿ 2008ರಿಂದ ಬೀಗವಿಲ್ಲದ ಡಿಜಿಟಲ್ ಪ್ರತಿಗಳನ್ನೇ ಮಾರುತ್ತಿದೆ. ಪೆನ್‌ಡ್ರೈವಿಗೆ ಹಾಕಿಟ್ಟರೆ ಅಂಗಡಿ ಮುಚ್ಚಿದರೂ ಆ ಆಟ ಓಡುತ್ತದೆ.

ಉಳಿಯುವ ವಿಷಯಕ್ಕೆ ಬಂದರೆ ಹಳೆಯ ಕ್ಯಾಸೆಟ್ಟಿನದೇ ಮೇಲುಗೈ. ಅದರ ಮಾಸ್ಕ್ ರೋಮ್ ಚಿಪ್ಪಿನಲ್ಲಿ ದತ್ತಾಂಶವೆಂದರೆ ತಯಾರಿಸುವಾಗಲೇ ಮೂಡಿಸಿದ ವಿನ್ಯಾಸ. ಸೋರಿಹೋಗಲು ಅಲ್ಲಿ ವಿದ್ಯುದಂಶವೇ ಇಲ್ಲ. ಪೆನ್‌ಡ್ರೈವ್, ಎಸ್‌.ಎಸ್‌.ಡಿ.ಗಳ ಫ್ಲಾಶ್ ಚಿಪ್ಪುಗಳಲ್ಲಿ ಸೆರೆಹಿಡಿದ ವಿದ್ಯುದಂಶವೇ ದತ್ತಾಂಶವಾದ್ದರಿಂದ, ಕರೆಂಟಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಮೆಲ್ಲನೆ ಅಳಿಯುತ್ತದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಆಗ ಮಾರಾಟದಲ್ಲಿರಲಿಲ್ಲ.

ಆಟಗಳನ್ನು ಕಾಪಿಡುವ ಕೆಲಸಕ್ಕೆ ಚಾಮರಾಜನಗರದ ಹೆಸರಿನೊಂದಿಗೇ ನಂಟಿದೆ. ಅರಿಕುಠಾರ ಎಂದಿದ್ದ ಊರಿಗೆ 1818ರಲ್ಲಿ, ಅಲ್ಲಿ ಹುಟ್ಟಿದ ತಂದೆಯ ನೆನಪಿಗೆ ಈ ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಚದುರಂಗದ ಸಮಸ್ಯೆಗಳಲ್ಲಿ, ಗಂಜೀಫ ಎಲೆಗಳಲ್ಲಿ, ಹಾಸಿನ ಆಟಗಳಲ್ಲಿ ಮುಳುಗಿದ್ದ ಅರಸ ಅವರು. ಅವರು ಮಾಡಿಸಿದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೂ ಜಾಗ ಕೊಟ್ಟಿದೆ. ಮನೆ, ಕಾಯಿ, ನಡೆಸುವ ಕ್ರಮ ಎಲ್ಲ ಹಾಳೆಯ ಮೇಲೆ ಉಳಿದರೆ ಅಂಥ ಆಟವನ್ನು ಯಾರನ್ನೂ ಕೇಳದೆ ಮತ್ತೆ ಹಾಸಿ ಆಡಬಹುದು. ‘ದ ಕ್ರ್ಯೂ’ ಡಿಸ್ಕ್ ಹತ್ತು ವರ್ಷವೂ ಬಾಳಲಿಲ್ಲ.

ಅಪ್ಪಣೆ ಕಂಪನಿಯ ಕೈಯಲ್ಲೇ ಇರುವ ಈ ಸ್ಥಿತಿ ಬದಲಾಗತೊಡಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಕಾನೂನಿನಂತೆ, ಡಿಜಿಟಲ್ ಅಂಗಡಿಗಳು ತಾವು ಕೊಡುತ್ತಿರುವುದು ಲೈಸೆನ್ಸ್ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ಇಳಿಸಿಕೊಂಡು ನೆಟ್ ಇಲ್ಲದೆ ಶಾಶ್ವತವಾಗಿ ಬಳಸಬಹುದಾದ ಸರಕಿಗೆ ವಿನಾಯಿತಿ ಇದೆ. ‘ದ ಕ್ರ್ಯೂ’ ಮುಚ್ಚಿದ ಮೇಲೆ ಎದ್ದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಮನವಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಬೆಂಬಲ ನಿಲ್ಲಿಸುವಾಗ ಆಟವನ್ನು ಕಂಪನಿಯ ಸರ್ವರ್ ಇಲ್ಲದೆಯೂ ಓಡುವ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂಬುದು ಬೇಡಿಕೆ. ಅದು ನ್ಯಾಯವಾದದ್ದು, ಆಗದ ಕೆಲಸವೂ ಅಲ್ಲ: ಅದೇ ಯೂಬಿಸಾಫ್ಟ್ ತನ್ನ ‘ದ ಕ್ರ್ಯೂ 2’ ಆಟಕ್ಕೆ ನೆಟ್ ಇಲ್ಲದೆ ಆಡುವ ವ್ಯವಸ್ಥೆ ತರುವುದಾಗಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿ, ಮರುವರ್ಷ ಅದನ್ನು ಕೊಟ್ಟಿತು.