ಸಿಫಿಲಿಸ್ ರೋಗಾಣು ಮತ್ತು ದೇಹದ ರಕ್ಷಕ ಕಣಗಳು: ಸದಸ್ಯರು ಅರಿತಿರಬೇಕಾದ ಸಂಗತಿಗಳು



ಗರ್ಭಿಣಿಯರ ರಕ್ತಪರೀಕ್ಷೆಯ ವಿಷಯ ಸಭೆಯ ಮುಂದೆ ಬಂದಾಗ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ: ಮೈಮೇಲೆ ಹುಣ್ಣಿಲ್ಲ, ಜ್ವರವಿಲ್ಲ, ಸಿಫಿಲಿಸ್ ಪರೀಕ್ಷೆ ಏತಕ್ಕೆ? ಇದಕ್ಕೆ ಉತ್ತರವು ನಮ್ಮ ದೇಹದ ರಕ್ಷಕ ಕಣಗಳು ಈ ರೋಗಾಣುವನ್ನು ಎದುರಿಸುವ ಬಗೆಯಲ್ಲಿಯೇ ಅಡಗಿದೆ.

ಹಿಂದೆ ಪರಂಗಿ ರೋಗವೆಂದು ಕರೆಯಲಾಗುತ್ತಿದ್ದ ಸಿಫಿಲಿಸ್‌ಗೆ ಕಾರಣ ಟ್ರೆಪೊನಿಮಾ ಪ್ಯಾಲಿಡಮ್ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. 1905ರಲ್ಲಿ ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಇದನ್ನು ಗುರುತಿಸಿದರು. ಇದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹಾಗೂ ತಾಯಿಯಿಂದ ಗರ್ಭಸ್ಥ ಶಿಶುವಿಗೆ ಹರಡುತ್ತದೆ. ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಶೌಚಾಲಯ ಬಳಸುವುದರಿಂದಾಗಲಿ ಹರಡುವುದಿಲ್ಲ.

ರಕ್ಷಕ ಕಣಗಳ ಕಾರ್ಯ

ರೋಗಾಣು ಒಳಹೊಕ್ಕೊಡನೆ ಚರ್ಮದಲ್ಲಿರುವ ಡೆಂಡ್ರಿಟಿಕ್ ಕಣಗಳು ಅದನ್ನು ನುಂಗಿ, ಅದರ ಗುರುತನ್ನು ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಟಿ ಕಣಗಳು ವೃದ್ಧಿಯಾಗಿ, ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ದ್ರವ್ಯದಿಂದ ಭಕ್ಷಕ ಕಣಗಳನ್ನು ಎಚ್ಚರಿಸುತ್ತವೆ. ಬಿ ಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯ ಅಂಟಿದ ರೋಗಾಣುಗಳನ್ನು ಭಕ್ಷಕ ಕಣಗಳು ನುಂಗಿ ನಾಶಮಾಡುತ್ತವೆ. ಸೋಂಕಿನ ಸುಮಾರು 3 ವಾರಗಳ ನಂತರ ಕಾಣುವ ನೋವಿಲ್ಲದ ಹುಣ್ಣು ಈ ಹೋರಾಟದ ಕುರುಹು. ಅದು 3ರಿಂದ 6 ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ.

ರೋಗಾಣು ತಪ್ಪಿಸಿಕೊಳ್ಳುವ ಬಗೆ

ಹುಣ್ಣು ಮಾಯುವ ಮೊದಲೇ ಕೆಲವು ರೋಗಾಣುಗಳು ರಕ್ತವನ್ನು ಸೇರಿರುತ್ತವೆ. ರಕ್ಷಕ ಕಣಗಳು ಗುರುತಿಸಬಲ್ಲ ಪ್ರೋಟೀನುಗಳು ಈ ರೋಗಾಣುವಿನ ಹೊರಮೈಯಲ್ಲಿ ಅತ್ಯಲ್ಪ. ಅವುಗಳಲ್ಲಿ ಟಿಪಿಆರ್‌ಕೆ ಎಂಬ ಪ್ರೋಟೀನಿನ ರೂಪವೂ ಬದಲಾಗುತ್ತಲೇ ಇರುತ್ತದೆ. ಹೀಗಾಗಿ ಹಳೆಯ ಗುರುತಿಗೆ ತಯಾರಾದ ಪ್ರತಿಕಾಯ ಹೊಸ ರೂಪಕ್ಕೆ ಹೊಂದುವುದಿಲ್ಲ. ಮುಂದೆ ಅಂಗೈ, ಅಂಗಾಲುಗಳಲ್ಲಿ ಕೆಂಪು ಗುಳ್ಳೆಗಳು ಕಂಡು ಮರೆಯಾಗಬಹುದು. ಬಳಿಕ ರೋಗವು ವರ್ಷಗಟ್ಟಲೆ ಮೌನವಾಗಿದ್ದು, ಕೆಲವರಲ್ಲಿ ಹೃದಯ ಮತ್ತು ಮೆದುಳನ್ನು ಕೆಡಿಸುತ್ತದೆ.

ನೆಲದ ಮೇಲಿನ ತೇವ ಆರಿದ ಮಾತ್ರಕ್ಕೆ ಭೂಮಿಯೊಳಗಿನ ಪೈಪಿನ ಸೋರಿಕೆ ನಿಂತಿತೆಂದು ಇಂಜಿನಿಯರಿಂಗ್ ಓದಿದ ನಾನು ಒಪ್ಪಲಾರೆ; ಒತ್ತಡ ಅಳೆದೇ ಹೇಳಬೇಕು. ಇಲ್ಲಿ ಆ ಅಳತೆಯೇ ರಕ್ತಪರೀಕ್ಷೆ.

ಗರ್ಭಿಣಿಯರಿಗೇಕೆ ಆದ್ಯತೆ

ರೋಗಾಣು ಮಾಸುವನ್ನು ದಾಟಿ ಶಿಶುವನ್ನು ತಲುಪುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಗರ್ಭಪಾತ, ನಿರ್ಜೀವ ಜನನ, ಅವಧಿಪೂರ್ವ ಹೆರಿಗೆ ಅಥವಾ ಶಿಶುವಿಗೆ ಸೋಂಕು ಸಂಭವಿಸುತ್ತದೆ. ಇದನ್ನು ತಡೆಯುವ ಔಷಧ ಹಳೆಯದು, ಅಗ್ಗದ್ದು: ಪೆನಿಸಿಲಿನ್. ಆರಂಭದ ಹಂತದಲ್ಲಿ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್‌ನ ಒಂದು ಬಾರಿಯ ಚುಚ್ಚುಮದ್ದು ಸಾಕು. ತಡವಾದರೆ ವಾರಕ್ಕೊಮ್ಮೆಯಂತೆ 3 ಬಾರಿ ನೀಡಲಾಗುತ್ತದೆ. ಚುಚ್ಚುಮದ್ದಿನ ನಂತರ 24 ಗಂಟೆಯೊಳಗೆ ಜ್ವರ ಬರಬಹುದು. ಸಾಯುತ್ತಿರುವ ರೋಗಾಣುಗಳಿಗೆ ರಕ್ಷಕ ಕಣಗಳು ತೋರುವ ಪ್ರತಿಕ್ರಿಯೆ ಅದು. ಗರ್ಭಿಣಿಯರು ಮಾತ್ರ ಕೂಡಲೇ ವೈದ್ಯರಿಗೆ ತಿಳಿಸಬೇಕು. ಗುಣವಾದವರಿಗೆ ಪುನಃ ಸೋಂಕು ತಗಲಬಹುದಾದ್ದರಿಂದ ಪತಿಗೂ ಚಿಕಿತ್ಸೆ ಅಗತ್ಯ.

ಸದಸ್ಯರಲ್ಲಿ ಕೋರಿಕೆ

1. ಪ್ರತಿ ಗರ್ಭಿಣಿಗೆ ಮೊದಲ ಮೂರು ತಿಂಗಳೊಳಗೆ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಆಗುವಂತೆ ಆಶಾ ಕಾರ್ಯಕರ್ತೆಯರಿಗೆ ಸಹಕರಿಸುವುದು.
2. ಕಮಲಾಪುರ ತಾಲ್ಲೂಕಿನಿಂದ ದುಡಿಮೆಗಾಗಿ ಹೊರಊರುಗಳಿಗೆ ಹೋದ ಕುಟುಂಬಗಳ ಗರ್ಭಿಣಿಯರ ಪರೀಕ್ಷೆ ತಪ್ಪಿಹೋಗುವ ಸಂಭವವಿದೆ. ಅವರು ಮರಳಿದೊಡನೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು.
3. ಹೆಚ್ಚಿನ ಚಿಕಿತ್ಸೆಗೆ ವೈದ್ಯರು ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಕಳುಹಿಸಿದಲ್ಲಿ ಪ್ರಯಾಣಕ್ಕೆ ನೆರವಾಗುವುದು.
4. ಯಾರ ಹೆಸರನ್ನೂ, ಫಲಿತಾಂಶವನ್ನೂ ಸಭೆಯಲ್ಲಿ ಪ್ರಸ್ತಾಪಿಸದಿರುವುದು. ಕೆಲವು ಪರೀಕ್ಷೆಗಳು ಗುಣವಾದ ಮೇಲೂ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತವೆ. ಅರ್ಥ ಹೇಳಬೇಕಾದವರು ವೈದ್ಯರೇ.

ಹೆಸರು ಬಯಲಾಗುವ ಭಯವಿರುವ ಊರಿನಲ್ಲಿ ಯಾವ ತಾಯಿಯೂ ಪರೀಕ್ಷೆಗೆ ಕೈ ಚಾಚುವುದಿಲ್ಲ. ಆ ಭಯವನ್ನು ನಿವಾರಿಸುವುದು ಔಷಧದಿಂದ ಆಗದು. ಅದು ತಮ್ಮಿಂದ ಆಗಬೇಕಾದ ಕಾರ್ಯ.