ಆ್ಯಪ್ ಮಳಿಗೆಗಳ ಕಮಿಷನ್

ಆ್ಯಪ್ ಮಳಿಗೆಗಳ ಕಮಿಷನ್ ಎಂದರೆ ಮೊಬೈಲ್ ಆ್ಯಪ್‌ಗಳ ಮೂಲಕ ನಡೆಯುವ ಡಿಜಿಟಲ್ ಮಾರಾಟದ ಹಣದಲ್ಲಿ ಮಳಿಗೆಯನ್ನು ನಡೆಸುವ ಕಂಪನಿಯು ತನ್ನ ಪಾಲೆಂದು ಕಡಿತ ಮಾಡಿಕೊಳ್ಳುವ ಮೊತ್ತ. ಆಪಲ್ ಕಂಪನಿಯ ಆ್ಯಪ್ ಸ್ಟೋರ್ ಮತ್ತು ಗೂಗಲ್ ಕಂಪನಿಯ ಗೂಗಲ್ ಪ್ಲೇ ಇಂತಹ ಪ್ರಮುಖ ಮಳಿಗೆಗಳಾಗಿವೆ. ಬಹುಕಾಲ ಈ ಕಮಿಷನ್ ಶೇ. 30ರಷ್ಟಿತ್ತು. ಆ್ಯಪ್ ತಯಾರಕರಿಗೆ ಇದು ಲಾಭ ಮತ್ತು ನಷ್ಟವನ್ನು ನಿರ್ಧರಿಸುವ ವೆಚ್ಚವಾದ್ದರಿಂದ ಅಮೆರಿಕ, ಯುರೋಪ್, ದಕ್ಷಿಣ ಕೊರಿಯಾ ಮತ್ತು ಭಾರತದಲ್ಲಿ ದೊಡ್ಡ ಕಾನೂನು ವಿವಾದಗಳಿಗೆ ಕಾರಣವಾಗಿದೆ.

ಹಿನ್ನೆಲೆ

ಆಪಲ್ ತನ್ನ ಆ್ಯಪ್ ಸ್ಟೋರನ್ನು 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆರಂಭಿಸಿತು. ಮಾರಾಟದ ಹಣದಲ್ಲಿ ಶೇ. 70 ತಯಾರಕರಿಗೆ, ಶೇ. 30 ಆಪಲ್‌ಗೆ ಎಂಬ ಹಂಚಿಕೆಯನ್ನು ಆಗಲೇ ನಿಗದಿಪಡಿಸಲಾಗಿತ್ತು. ಅದೇ ವರ್ಷ ಆಂಡ್ರಾಯ್ಡ್ ಮಾರ್ಕೆಟ್ ಎಂಬ ಹೆಸರಿನಲ್ಲಿ ಗೂಗಲ್‌ನ ಮಳಿಗೆ ತೆರೆಯಿತು. ಇದು 2012ರ ಮಾರ್ಚ್‌ನಲ್ಲಿ ಗೂಗಲ್ ಪ್ಲೇ ಎಂದು ಹೆಸರು ಬದಲಿಸಿಕೊಂಡಿತು. ಗೂಗಲ್ ಕೂಡ 70–30ರ ಹಂಚಿಕೆಯನ್ನೇ ಅನುಸರಿಸಿತು.

ಮೊದಲು ಹಣ ಕೊಟ್ಟು ಆ್ಯಪನ್ನೇ ಕೊಳ್ಳುವ ಪದ್ಧತಿ ಇತ್ತು. ಆ್ಯಪಿನ ಒಳಗೆ ಖರೀದಿಸುವ ಸೌಲಭ್ಯವನ್ನು ಆಪಲ್ 2009ರಲ್ಲಿ, ಗೂಗಲ್ 2011ರಲ್ಲಿ ನೀಡಿದವು. ನಂತರ ಉಚಿತವಾಗಿ ಆ್ಯಪ್ ಕೊಟ್ಟು ಒಳಗಿನ ಖರೀದಿ ಮತ್ತು ಚಂದಾದಿಂದ ಆದಾಯ ಗಳಿಸುವ ಮಾದರಿ ವ್ಯಾಪಕವಾಯಿತು. ಇದರೊಂದಿಗೆ ಕಮಿಷನ್ನಿನ ವ್ಯಾಪ್ತಿಯೂ ಬದಲಾಯಿತು. ಒಂದು ಬಾರಿಯ ಮಾರಾಟದ ಮೇಲಿದ್ದ ಶುಲ್ಕವು ಗ್ರಾಹಕನು ಪ್ರತಿ ತಿಂಗಳು ಪಾವತಿಸುವ ಚಂದಾದ ಮೇಲೂ ಬೀಳತೊಡಗಿತು.

ಯಾವುದಕ್ಕೆ ಅನ್ವಯಿಸುತ್ತದೆ

ಮಳಿಗೆಯಲ್ಲಿರುವ ಎಲ್ಲ ಆ್ಯಪ್‌ಗಳೂ ಕಮಿಷನ್ ಕೊಡುವುದಿಲ್ಲ. ಉಚಿತ ಆ್ಯಪ್‌ಗಳಿಗೆ ಮತ್ತು ಕೇವಲ ಜಾಹೀರಾತಿನಿಂದ ಗಳಿಸುವ ಆ್ಯಪ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಭೌತಿಕ ಸರಕು ಹಾಗೂ ಆ್ಯಪಿನ ಹೊರಗೆ ದೊರೆಯುವ ಸೇವೆಗಳೂ ಇದರಿಂದ ಹೊರಗಿವೆ. ಬೆಂಗಳೂರು ಮೂಲದ ಸ್ವಿಗ್ಗಿಯಲ್ಲಿ ಊಟ ತರಿಸಿಕೊಂಡು ಯುಪಿಐ ಮೂಲಕ ಹಣ ಕೊಟ್ಟರೆ ಅದರಲ್ಲಿ ಗೂಗಲ್‌ಗಾಗಲಿ ಆಪಲ್‌ಗಾಗಲಿ ಪಾಲಿಲ್ಲ. ಆದರೆ ಆಟದ ನಾಣ್ಯಗಳು, ಧ್ವನಿಪುಸ್ತಕದ ಚಂದಾ, ಆ್ಯಪಿನ ಹೆಚ್ಚುವರಿ ಸೌಲಭ್ಯಗಳು ಮುಂತಾದ ಡಿಜಿಟಲ್ ಸರಕುಗಳಿಗೆ ಕಮಿಷನ್ ಉಂಟು. ಆದ್ದರಿಂದ ಆ್ಯಪಿನಲ್ಲಿ ಮಾರುವ ವಸ್ತು ಡಿಜಿಟಲ್ ಹೌದೋ ಅಲ್ಲವೋ ಎಂಬುದೇ ಈ ನಿಯಮದ ತಿರುಳಾಗಿದೆ.

ದರಗಳು

ಆಪಲ್ 2016ರಲ್ಲಿ ಚಂದಾಗಳಿಗೆ ರಿಯಾಯಿತಿ ಪ್ರಕಟಿಸಿತು. ಒಬ್ಬ ಚಂದಾದಾರನು ಒಂದು ವರ್ಷ ಪೂರೈಸಿದ ನಂತರ ಅವನ ಚಂದಾದ ಮೇಲಿನ ದರ ಶೇ. 15ಕ್ಕೆ ಇಳಿಯುತ್ತದೆ. ಗೂಗಲ್ 2018ರಿಂದ ಇದೇ ಕ್ರಮವನ್ನು ಪಾಲಿಸಿತು, 2022ರ ಜನವರಿಯಿಂದ ಮೊದಲ ದಿನದಿಂದಲೇ ಚಂದಾಗಳ ದರವನ್ನು ಶೇ. 15ಕ್ಕೆ ಇಳಿಸಿತು.

ಸಣ್ಣ ತಯಾರಕರಿಗಾಗಿ ಎರಡೂ ಕಂಪನಿಗಳು 2021ರಲ್ಲಿ ಶೇ. 15ರ ದರವನ್ನು ಜಾರಿಗೆ ತಂದವು. ಎರಡೂ ಒಂದೇ ಬಗೆಯವಂತೆ ಕಂಡರೂ ಲೆಕ್ಕ ಬೇರೆಬೇರೆ. ಗೂಗಲ್‌ನದು ಆದಾಯ ತೆರಿಗೆಯ ಹಂತಗಳಂತಿದೆ. ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಶೇ. 15, ಅದಕ್ಕೂ ಮೇಲ್ಪಟ್ಟ ಗಳಿಕೆಗೆ ಮಾತ್ರ ಶೇ. 30. ಆಪಲ್‌ನದು ಅರ್ಹತೆಯ ನಿಯಮವಾಗಿದೆ. ಹಿಂದಿನ ವರ್ಷದ ಗಳಿಕೆ 10 ಲಕ್ಷ ಡಾಲರ್ ಮೀರದ ತಯಾರಕರಷ್ಟೇ ಇದಕ್ಕೆ ಅರ್ಹರು. ವರ್ಷದ ನಡುವೆ ಗಳಿಕೆ ಈ ಮಿತಿಯನ್ನು ದಾಟಿದರೆ ಉಳಿದ ಅವಧಿಗೆ ಸಾಮಾನ್ಯ ದರ ಅನ್ವಯಿಸುತ್ತದೆ.

ವಾದ ಮತ್ತು ಪ್ರತಿವಾದ

ಮಳಿಗೆಯ ನಿರ್ವಹಣೆ, ಸುರಕ್ಷತೆಯ ಪರಿಶೀಲನೆ, ತಂತ್ರಾಂಶ ಸಲಕರಣೆಗಳು, ಜಗತ್ತಿನಾದ್ಯಂತ ಹಣ ಸಂಗ್ರಹಿಸುವ ವ್ಯವಸ್ಥೆ ಇವೆಲ್ಲಕ್ಕೂ ಪ್ರತಿಫಲವಾಗಿ ಈ ಶುಲ್ಕ ಸಲ್ಲುತ್ತದೆ ಎಂದು ಕಂಪನಿಗಳು ಸಮರ್ಥಿಸುತ್ತವೆ. ತಯಾರಕರ ಆಕ್ಷೇಪವು ಶುಲ್ಕದ ಗಾತ್ರದ ಬಗ್ಗೆ ಮಾತ್ರವಲ್ಲ, ಬೇರೆ ದಾರಿ ಇಲ್ಲದಿರುವುದರ ಬಗ್ಗೆಯೂ ಇದೆ. ಐಫೋನಿನಲ್ಲಿ ಆಪಲ್‌ನ ಮಳಿಗೆಯ ಹೊರತು ಬೇರೆ ಮಳಿಗೆಗೆ ಬಹುಕಾಲ ಅವಕಾಶವಿರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಅವಕಾಶವಿದ್ದರೂ ಬಳಕೆದಾರರಲ್ಲಿ ಬಹುಪಾಲು ಜನರು ಫೋನಿನಲ್ಲಿ ಮೊದಲೇ ಇರುವ ಗೂಗಲ್ ಪ್ಲೇ ಮಳಿಗೆಯನ್ನೇ ಬಳಸುತ್ತಾರೆ. ಜೊತೆಗೆ, ಇದೇ ವಸ್ತು ತಮ್ಮ ಜಾಲತಾಣದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಗ್ರಾಹಕರಿಗೆ ಆ್ಯಪಿನೊಳಗೆ ತಿಳಿಸುವುದನ್ನೂ ಮಳಿಗೆಗಳ ನಿಯಮಗಳು ನಿರ್ಬಂಧಿಸಿದ್ದವು.

ಪ್ರಮುಖ ವ್ಯಾಜ್ಯಗಳು ಮತ್ತು ಕಾನೂನುಗಳು

2020ರ ಆಗಸ್ಟ್ 13ರಂದು ಎಪಿಕ್ ಗೇಮ್ಸ್ ಕಂಪನಿಯು ತನ್ನ ಫೋರ್ಟ್‌ನೈಟ್ ಆಟದಲ್ಲಿ ನೇರ ಪಾವತಿಯ ಸೌಲಭ್ಯ ಸೇರಿಸಿ, ಹಾಗೆ ಕೊಳ್ಳುವವರಿಗೆ ಬೆಲೆ ಇಳಿಸಿತು. ಆಪಲ್ ಮತ್ತು ಗೂಗಲ್ ಅಂದೇ ಆ ಆಟವನ್ನು ತಮ್ಮ ಮಳಿಗೆಗಳಿಂದ ತೆಗೆದುಹಾಕಿದವು. ಎಪಿಕ್ ಇಬ್ಬರ ಮೇಲೂ ಮೊಕದ್ದಮೆ ಹೂಡಿತು.

ಆಪಲ್ ವಿರುದ್ಧದ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಇವೊನ್ ಗೊನ್ಸಾಲೆಸ್ ರಾಜರ್ಸ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿದರು. ಎಪಿಕ್‌ನ ಹೆಚ್ಚಿನ ಆರೋಪಗಳು ತಿರಸ್ಕೃತವಾದವು. ಆದರೆ ಹೊರಗಿನ ಪಾವತಿಯ ಕೊಂಡಿಯನ್ನು ಆ್ಯಪಿನಲ್ಲಿ ತೋರಿಸದಂತೆ ಆಪಲ್ ತಡೆಯಬಾರದೆಂದು ಆದೇಶವಾಯಿತು. ಆಪಲ್ ಕೊಂಡಿಗಳಿಗೆ ಅವಕಾಶ ಕೊಟ್ಟು, ಅವುಗಳ ಮೂಲಕ ನಡೆದ ಖರೀದಿಗೂ ಶೇ. 27ರಷ್ಟು ಕಮಿಷನ್ ವಿಧಿಸಿತು. ಇದು ಆದೇಶದ ಉಲ್ಲಂಘನೆ ಎಂದು ಅದೇ ನ್ಯಾಯಾಲಯ 2025ರ ಏಪ್ರಿಲ್ 30ರಂದು ಹೇಳಿತು. ಇದರ ವಿರುದ್ಧ ಆಪಲ್ ಮೇಲ್ಮನವಿ ಸಲ್ಲಿಸಿತು. ಗೂಗಲ್ ವಿರುದ್ಧದ ಮೊಕದ್ದಮೆಯಲ್ಲಿ 2023ರ ಡಿಸೆಂಬರ್‌ನಲ್ಲಿ ಜ್ಯೂರಿಯು ಎಪಿಕ್ ಪರವಾಗಿ ತೀರ್ಮಾನ ನೀಡಿತು.

ದಕ್ಷಿಣ ಕೊರಿಯಾ 2021ರಲ್ಲಿ ತನ್ನ ದೂರಸಂಪರ್ಕ ಕಾಯ್ದೆಗೆ ತಿದ್ದುಪಡಿ ತಂದು, ಮಳಿಗೆಗಳು ತಮ್ಮದೇ ಪಾವತಿ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವುದನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟದಲ್ಲಿ ಡಿಜಿಟಲ್ ಮಾರುಕಟ್ಟೆಗಳ ಕಾಯ್ದೆಯ ಕಟ್ಟುಪಾಡುಗಳು 2024ರ ಮಾರ್ಚ್ 7ರಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾದವು. ಅಲ್ಲಿ ಐಫೋನಿನಲ್ಲಿಯೂ ಬೇರೆ ಮಳಿಗೆಗಳಿಗೆ ಅವಕಾಶ ದೊರೆಯಿತು.

ಭಾರತದಲ್ಲಿ

ಭಾರತದಲ್ಲಿ ಬಹುಪಾಲು ಸ್ಮಾರ್ಟ್‌ಫೋನುಗಳು ಆಂಡ್ರಾಯ್ಡ್ ಆಧಾರಿತವಾಗಿರುವುದರಿಂದ ಇಲ್ಲಿನ ವಿವಾದ ಮುಖ್ಯವಾಗಿ ಗೂಗಲ್ ಪ್ಲೇ ಕುರಿತದ್ದಾಗಿದೆ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 25ರಂದು, ಪ್ಲೇ ಮಳಿಗೆಯ ಪಾವತಿ ನೀತಿಯ ಮೂಲಕ ಪ್ರಾಬಲ್ಯದ ದುರ್ಬಳಕೆ ನಡೆದಿದೆ ಎಂದು ಗೂಗಲ್‌ಗೆ ₹936.44 ಕೋಟಿ ದಂಡ ವಿಧಿಸಿತು. ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು 2025ರ ಮಾರ್ಚ್‌ನಲ್ಲಿ ಈ ದಂಡವನ್ನು ₹216.69 ಕೋಟಿಗೆ ಇಳಿಸಿತು. ನಂತರ ಈ ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು.

ಆಯೋಗದ ಆದೇಶದ ಬಳಿಕ ಗೂಗಲ್ ತನ್ನ ಪಾವತಿ ವ್ಯವಸ್ಥೆಯ ಜೊತೆಗೆ ಮತ್ತೊಂದನ್ನು ಇಟ್ಟುಕೊಳ್ಳಲು ತಯಾರಕರಿಗೆ ಅವಕಾಶ ನೀಡಿತು. ಗ್ರಾಹಕನು ಎರಡನೆಯದನ್ನು ಆರಿಸಿದರೆ ಕಮಿಷನ್ ಶೇ. 4ರಷ್ಟು ಅಂಶ ಇಳಿದು, 30 ಇದ್ದದ್ದು 26 ಹಾಗೂ 15 ಇದ್ದದ್ದು 11 ಆಗುತ್ತದೆ.

ಈ ರಿಯಾಯಿತಿಯ ನಿಜವಾದ ಬೆಲೆಯನ್ನು ಒಂದು ಲೆಕ್ಕದಿಂದ ಅರಿಯಬಹುದು. ತೆರಿಗೆ ಬಿಟ್ಟು ₹100ರ ಚಂದಾಕ್ಕೆ ಶೇ. 15ರ ದರದಲ್ಲಿ ತಯಾರಕನಿಗೆ ₹85 ಉಳಿಯುತ್ತದೆ. ಬೇರೆ ಪಾವತಿ ವ್ಯವಸ್ಥೆಯಲ್ಲಿ ಗೂಗಲ್‌ಗೆ ₹11, ಪಾವತಿ ಗೇಟ್‌ವೇ ಶುಲ್ಕ ₹2 ಎಂದು ಭಾವಿಸಿದರೆ ಉಳಿಯುವುದು ₹87. ಎರಡು ವ್ಯವಸ್ಥೆಗಳನ್ನು ನಡೆಸುವ, ಮರುಪಾವತಿ ಮತ್ತು ದೂರುಗಳನ್ನು ನಿಭಾಯಿಸುವ ಖರ್ಚನ್ನು ಸೇರಿಸಿದರೆ ಲಾಭ ಮತ್ತಷ್ಟು ಕಿರಿದಾಗುತ್ತದೆ. ಆಯ್ಕೆ ಕೊಟ್ಟರೂ ಅದರಿಂದ ಪ್ರಯೋಜನವಿಲ್ಲ ಎಂಬ ಭಾರತೀಯ ನವೋದ್ಯಮಗಳ ದೂರಿಗೆ ಇದೇ ಕಾರಣ.

ಕೆಲವು ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದರೂ ತಕ್ಷಣದ ರಕ್ಷಣೆ ದೊರೆಯಲಿಲ್ಲ. ಶುಲ್ಕ ಪಾವತಿಸಿಲ್ಲವೆಂದು ಗೂಗಲ್ 2024ರ ಮಾರ್ಚ್ 1ರಂದು ಭಾರತದ ಕೆಲವು ಕಂಪನಿಗಳ ಆ್ಯಪ್‌ಗಳನ್ನು ಮಳಿಗೆಯಿಂದ ತೆಗೆದುಹಾಕಲು ತೊಡಗಿತು. ವಧೂವರರ ಅನ್ವೇಷಣೆ, ಉದ್ಯೋಗ ಹುಡುಕಾಟ ಮುಂತಾದ ಹೆಸರುವಾಸಿ ಆ್ಯಪ್‌ಗಳೂ ಅವುಗಳಲ್ಲಿದ್ದವು. ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿದ ನಂತರ ಕೆಲವೇ ದಿನಗಳಲ್ಲಿ ಅವು ಮರಳಿದವು.

ಇದೇ ಸಂದರ್ಭದಲ್ಲಿ, 2024ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಫೋನ್‌ಪೇ ಕಂಪನಿಯು ಇಂಡಸ್ ಆ್ಯಪ್‌ಸ್ಟೋರ್ ಎಂಬ ಆಂಡ್ರಾಯ್ಡ್ ಮಳಿಗೆಯನ್ನು ಇಂಗ್ಲಿಷ್ ಮತ್ತು 12 ಭಾರತೀಯ ಭಾಷೆಗಳಲ್ಲಿ ಆರಂಭಿಸಿತು. ತಯಾರಕರು ತಮ್ಮ ಆಯ್ಕೆಯ ಪಾವತಿ ಗೇಟ್‌ವೇ ಬಳಸಿದರೆ ಕಮಿಷನ್ ಇಲ್ಲವೆಂದು ಅದು ಪ್ರಕಟಿಸಿತು.

ತಯಾರಕರು ಗಮನಿಸುವ ಅಂಶಗಳು

ಮಾರುವ ಸರಕು ಡಿಜಿಟಲ್ ವರ್ಗಕ್ಕೆ ಸೇರುತ್ತದೆಯೇ ಎಂಬುದನ್ನು ಬೆಲೆ ನಿಗದಿಗೆ ಮೊದಲೇ ಖಚಿತಪಡಿಸಿಕೊಳ್ಳುವುದು ಅಗತ್ಯ. ಶೇ. 15ರ ರಿಯಾಯಿತಿ ದರ ಬೇಕಾದ ಸಣ್ಣ ತಯಾರಕರು ಅದಕ್ಕಾಗಿ ತಾವೇ ನೋಂದಾಯಿಸಿಕೊಳ್ಳಬೇಕು. ಖಾತೆಯ ಶುಲ್ಕವು ಕಮಿಷನ್‌ನಿಂದ ಬೇರೆಯಾಗಿದ್ದು, ಆಪಲ್‌ಗೆ ವರ್ಷಕ್ಕೆ 99 ಡಾಲರ್, ಗೂಗಲ್‌ಗೆ ಒಂದು ಬಾರಿ 25 ಡಾಲರ್ ಆಗಿದೆ. ನ್ಯಾಯಾಲಯಗಳ ಆದೇಶಗಳು ಆಯಾ ದೇಶಕ್ಕೆ ಸೀಮಿತ. ಅಮೆರಿಕದಲ್ಲಿ ದೊರೆತ ಸ್ವಾತಂತ್ರ್ಯವನ್ನು ನಂಬಿ ಭಾರತದ ಬಳಕೆದಾರರಿಗೆ ಹೊರಗಿನ ಕೊಂಡಿ ತೋರಿಸಿದರೆ ಆ್ಯಪ್ ಮಳಿಗೆಯಿಂದ ಹೊರಬೀಳಬಹುದು. ಒಂದೇ ಮಳಿಗೆಯನ್ನು ಅವಲಂಬಿಸಿದ ಉದ್ಯಮಕ್ಕೆ ಅದು ವ್ಯಾಪಾರವೇ ನಿಂತಂತೆ. ಆದ್ದರಿಂದ ಜಾಲತಾಣದ ಮೂಲಕವೂ ಚಂದಾದಾರರನ್ನು ಪಡೆಯುವ ವ್ಯವಸ್ಥೆಯನ್ನು ಅನೇಕ ತಯಾರಕರು ಮೊದಲಿನಿಂದಲೇ ರೂಢಿಸಿಕೊಳ್ಳುತ್ತಾರೆ.