ಒಮ್ಮೆ ಮಾತ್ರ ನುಡಿದ ಮಾತು

ಪ್ರಾಚೀನ ಹೀಬ್ರೂ ಬೈಬಲಿನಲ್ಲಿ ಒಂದೇ ಒಂದು ಸಲ ಬಂದು ಮರೆಯಾಗುವ ಶಬ್ದಗಳು ೧೦೦೦ಕ್ಕೂ ಹೆಚ್ಚು ಉಂಟು. ಇವುಗಳಲ್ಲಿ ಬಹುಪಾಲು ಪರಿಚಿತ ಧಾತುಗಳಿಂದ ಹುಟ್ಟಿದವಾದುದರಿಂದ ತೊಡಕಿಲ್ಲ. ನಂಟರಿಲ್ಲದ ಒಂಟಿ ಶಬ್ದಗಳೇ ಪಂಡಿತರನ್ನು ಕಾಡುವವು. ಶಬ್ದದ ಅರ್ಥ ತಿಳಿಯುವುದು ಬಳಕೆಯಿಂದ. ಒಮ್ಮೆ ಮಾತ್ರ ಕಂಡದ್ದನ್ನು ಯಾವುದರೊಡನೆ ಹೋಲಿಸಿ ನೋಡುವುದು?

ಸಮುವೇಲನ ಮೊದಲನೆಯ ಗ್ರಂಥದ ೧೩ನೆಯ ಅಧ್ಯಾಯದ ‘ಪೀಮ್’ ಅಂಥದೊಂದು. ಸೌಲ ರಾಜನ ಕಾಲ. ಇಸ್ರಾಯೇಲ್ಯರು ಕತ್ತಿ ಭರ್ಜಿಗಳನ್ನು ಮಾಡಿಕೊಂಡಾರೆಂದು ಶಂಕಿಸಿ, ಫಿಲಿಷ್ಟಿಯರು ಅವರ ನಾಡಿನಲ್ಲಿ ಕಮ್ಮಾರನೇ ಇಲ್ಲದಂತೆ ಮಾಡಿದ್ದರು. ನೇಗಿಲ ಗುಳ ಮೊಂಡಾದರೆ ರೈತನು ಶತ್ರುವಿನ ಕುಲುಮೆಗೇ ಹೋಗಬೇಕು. ಗುಳ ಗುದ್ದಲಿಗಳ ಈ ಪ್ರಸಂಗದಲ್ಲಿಯೇ ಪೀಮ್ ಬರುವುದು.

೧೬೧೧ರ ಇಂಗ್ಲಿಷ್ ಅನುವಾದಕರು ಏನು ಮಾಡಿಯಾರು? ಹೀಬ್ರೂವಿನಲ್ಲಿ ‘ಪೆ’ ಎಂದರೆ ಬಾಯಿ; ಆಯುಧದ ಅಲಗಿಗೂ ಅದೇ ಮಾತು. ನಾವು ಬಾಯಿಧಾರೆ ಎನ್ನುವುದಿಲ್ಲವೆ, ಹಾಗೆ. ಹಲವು ಬಾಯಿಗಳುಳ್ಳ ಉಪಕರಣವೆಂದರೆ ಅರವೇ ಇರಬೇಕೆಂದು ಊಹಿಸಿ, ಆ ಜನರ ಬಳಿ ಅರವಿತ್ತೆಂದು ಬರೆದುಬಿಟ್ಟರು. ಊಹೆ ಜಾಣತನದ್ದೇ. ಆದರೆ ಮನೆಯಲ್ಲಿ ಅರವಿದ್ದವನು ಶತ್ರುವಿನ ಬಾಗಿಲಿಗೇಕೆ ಹೋದಾನು?

ಉತ್ತರ ದೊರೆತದ್ದು ಗ್ರಂಥಭಂಡಾರದಲ್ಲಲ್ಲ, ಮಣ್ಣಿನಲ್ಲಿ. ಪ್ಯಾಲೆಸ್ಟೈನಿನಲ್ಲಿ ಸಿಕ್ಕಿದ, ದುಂಡು ನೆತ್ತಿಯ ಕೆಲವು ಪುಟ್ಟ ಕಲ್ಲುಗಳ ಮೇಲೆ ಪ್ರಾಚೀನ ಲಿಪಿಯಲ್ಲಿ ಇದೇ ಮಾತನ್ನು ಕೊರೆದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ವಾಂಸರು ಗಂಟು ಬಿಡಿಸಿದರು: ಅವು ತಕ್ಕಡಿಯ ತೂಕದ ಕಲ್ಲುಗಳು! ಒಂದೊಂದೂ ೮ ಗ್ರಾಮಿಗೆ ತುಸು ಕಡಮೆ. ಎಂದರೆ ಒಂದು ಶೆಕೆಲಿನ ಮೂರರಲ್ಲಿ ಎರಡು ಪಾಲು. ನಾಣ್ಯಗಳಿಲ್ಲದ ಆ ಕಾಲದಲ್ಲಿ ಬೆಳ್ಳಿಯನ್ನು ತೂಗಿಯೇ ಕೊಡಬೇಕಾಗಿತ್ತು. ಪೀಮ್ ಉಪಕರಣವಲ್ಲ, ಕುಲುಮೆಯ ಕೂಲಿ. ಒಂದು ಗುಳವನ್ನು ಹರಿತ ಮಾಡಿಸಲು ಬಡ ರೈತನು ಶತ್ರುವಿಗೆ ಅಷ್ಟು ಬೆಳ್ಳಿ ತೆರಬೇಕು! ಯುದ್ಧದ ದಿನ ಸೌಲ ಮತ್ತು ಅವನ ಮಗ ಯೋನಾತಾನರ ಹೊರತು ಯಾರ ಕೈಯಲ್ಲಿಯೂ ಕತ್ತಿಯಿರಲಿಲ್ಲವೆಂಬ ಮುಂದಿನ ಮಾತಿಗೂ ಆಗ ತೂಕ ಬಂದಿತು.

ಎಲ್ಲ ಶಬ್ದಗಳಿಗೂ ಇಂಥ ಭಾಗ್ಯವಿಲ್ಲ. ನೋಹನು ನಾವೆ ಕಟ್ಟಿದ ‘ಗೋಫೆರ್’ ಮರ ಯಾವುದೆಂದು ಇಂದಿಗೂ ನಿಶ್ಚಯವಾಗಿಲ್ಲ. ಸೊಲೊಮೋನನಿಗೆ ಹಡಗುಗಳು ಚಿನ್ನ, ಬೆಳ್ಳಿ, ದಂತ, ಕಪಿಗಳೊಡನೆ ತಂದ ‘ತುಕ್ಕಿ’ಯಂತೂ ನಮಗೆ ಹತ್ತಿರದ್ದು. ಒಂದೇ ಕಥೆಯ ಎರಡು ನಿರೂಪಣೆಗಳಲ್ಲಲ್ಲದೆ ಬೈಬಲಿನಲ್ಲಿ ಬೇರೆಲ್ಲಿಯೂ ಅದು ಬರುವುದಿಲ್ಲ. ನವಿಲೆಂಬುದು ಬಹುಕಾಲದ ಅರ್ಥ. ನವಿಲಿನ ಬಾಲಕ್ಕೆ ತಮಿಳರು ಹೇಳುವ ‘ತೋಕೈ’ ಶಬ್ದವೇ ಕಡಲು ದಾಟಿತೆಂದು ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಬಿಷಪ್ ಕಾಲ್ಡ್‌ವೆಲ್ ಮೊದಲಾದವರ ಮತ. ಬಾಲವೆಂಬರ್ಥದ ನಮ್ಮ ‘ತೋಕೆ’ಯೂ ಅದೇ ಬಳಗದ್ದು. ಈಜಿಪ್ಟಿನ ಭಾಷೆಯನ್ನು ಆಧರಿಸಿ, ಅದೂ ಒಂದು ಜಾತಿಯ ಕಪಿಯೇ ಎಂದವರು ಆಲ್‌ಬ್ರೈಟ್. ಹಡಗಿನಿಂದ ಇಳಿದದ್ದು ನವಿಲೋ ಕೋತಿಯೋ, ವಾದ ಇನ್ನೂ ಮುಗಿದಿಲ್ಲ.